ಅಪ್ರದಕ್ಷಿಣೆಯ ಕುಣಿತ: ಬಾಲ್‌ರೂಂ ಡಾನ್ಸ್ ಬಗ್ಗೆ ನೀವು ಕೇಳಿದ್ದು

ಹೋದ ತಿಂಗಳು ಹವ್ಯಾಸಗಳ ಬಗ್ಗೆ ಬರೆಯುವಾಗ, ಪ್ರತಿ ಗುರುವಾರ ಸಂಜೆ ಬಾಲ್‌ರೂಂ ಡಾನ್ಸ್ (ಇಬ್ಬರು ಜೋಡಿಯಾಗಿ ಕುಣಿಯುವ ಪಾಶ್ಚಾತ್ಯ ಕುಣಿತ) ಕ್ಲಾಸಿಗೆ ಹೋಗುತ್ತೇನೆ ಎಂದು ಸುಮ್ನೆ ಒಂದು ಸಾಲು ಹಾಕಿದ್ದೆ. ಉಳಿದ ಒಂದೂವರೆ ಪುಟವನ್ನು ಯಾರೂ ಓದಿದಂತೆ ಕಾಣಲಿಲ್ಲ. ಬಂದ ಪತ್ರಗಳೆಲ್ಲ ಆ ಒಂದು ಸಾಲಿನ ಮೇಲೇ. ಸರಿ, ಈ ಸಲ ಪೂರ್ತಿ ಅದೇ. ಮೊದಲೇ ಹೇಳಿಬಿಡುತ್ತೇನೆ, ನಾನು ಟೀಚರ್ ಅಲ್ಲ. ತೀರ್ಥಹಳ್ಳಿ ಕಡೆಯವಳು, ಇಂಗ್ಲೆಂಡಿನ ಲ್ಯಾಂಕಶೈರ್‌ಗೆ ಬಂದು 25 ವರ್ಷ ಆಯಿತು, ಮಕ್ಕಳು ಕಾಲೇಜಿಗೆ ಹೋಗಿ ಮನೆ ಖಾಲಿಯಾದ ಮೇಲೆ 46ನೇ ವಯಸ್ಸಿನಲ್ಲಿ ಕಲಿಯಲು ಹೊರಟವಳು. ಒಂದು ಕಪ್ಪೂ ಗೆದ್ದಿಲ್ಲ.

ಮೇಡಂ, ನನಗೆ 57. ಬ್ಯಾಂಕಿನಿಂದ ವಿಆರ್‌ಎಸ್ ತೆಗೆದುಕೊಂಡಿದ್ದೇನೆ. ಮದುವೆ ದಿಬ್ಬಣದಲ್ಲೂ ಕುಣಿದವನಲ್ಲ. ಈಗ ಕಲಿಯಬಹುದಾ? ಹತ್ತು ಥರದ ಡಾನ್ಸ್ ಇದೆ ಎನ್ನುತ್ತಾರೆ. ಯಾವುದರಿಂದ ಶುರು ಮಾಡಲಿ?
— ಮೈಸೂರು

ಕಲಿಯಬಹುದು. ದಿಬ್ಬಣದಲ್ಲಿ ಕುಣಿಯದೇ ಇದ್ದದ್ದು ಒಳ್ಳೆಯದೇ ಆಯಿತು, ಬಿಡಿಸಬೇಕಾದ ಚಟ ಒಂದೂ ಇಲ್ಲ.

ಹತ್ತರ ಲೆಕ್ಕಕ್ಕೆ ಹೆದರಬೇಡಿ. ಅದು ಸ್ಪರ್ಧೆಯವರ ಲೆಕ್ಕ. ವಾಲ್ಟ್ಸ್, ಟ್ಯಾಂಗೋ, ವಿಯೆನ್ನೀಸ್ ವಾಲ್ಟ್ಸ್, ಸ್ಲೋ ಫಾಕ್ಸ್‌ಟ್ರಾಟ್, ಕ್ವಿಕ್‌ಸ್ಟೆಪ್ ಒಂದು ಗುಂಪು, ಇವಕ್ಕೆ ಸ್ಟ್ಯಾಂಡರ್ಡ್ ಎನ್ನುತ್ತಾರೆ. ಚಾ ಚಾ ಚಾ, ಸಾಂಬಾ, ರುಂಬಾ, ಪಾಸೊ ಡೋಬ್ಲೆ, ಜೈವ್ ಇನ್ನೊಂದು ಗುಂಪು, ಇವು ಲ್ಯಾಟಿನ್. ಮೊದಲ ಗುಂಪಿನಲ್ಲಿ ಜೋಡಿ ಹಿಡಿದ ಹಿಡಿತ ಬಿಡದೆ ಇಡೀ ಹಾಲ್ ಸುತ್ತುತ್ತದೆ. ಎರಡನೆಯದರಲ್ಲಿ ಸಾಂಬಾ, ಪಾಸೊ ಡೋಬ್ಲೆ ಬಿಟ್ಟರೆ ಉಳಿದವು ಹೆಚ್ಚಾಗಿ ನಿಂತ ಜಾಗದ ಸುತ್ತಮುತ್ತಲೇ. ನನಗೆ ಏಳು ಬರುತ್ತವೆ. ಅದರಲ್ಲಿ ನೋಡುವಂತಿರುವುದು ಮೂರು.

ವಾಲ್ಟ್ಸ್‌ನಿಂದ ಶುರು ಮಾಡಿ. ಮೂರರ ಎಣಿಕೆ, ನಿಮಿಷಕ್ಕೆ 84ರಿಂದ 90 ಬೀಟು, ಅಂದರೆ ಸುಮ್ನೆ ಕೂತಾಗಿನ ನಾಡಿಬಡಿತಕ್ಕಿಂತ ಒಂಚೂರು ಜೋರು ಅಷ್ಟೇ. ಕ್ಲಾಸಿಗೆ ಸೇರುವ ಮೊದಲೇ ಮನೆಯಲ್ಲಿ ಇದನ್ನು ಮಾಡಿ ನೋಡಬಹುದು. ಸೀಮೆಸುಣ್ಣ ತೆಗೆದುಕೊಂಡು ರಂಗೋಲಿಗೆ ಇಡುವ ಹಾಗೆ ನಾಲ್ಕು ಚುಕ್ಕಿ ಇಡಿ, ಚೌಕಾಕಾರಕ್ಕೆ, ಚುಕ್ಕಿಯಿಂದ ಚುಕ್ಕಿಗೆ ಒಂದೂವರೆ ಅಡಿ. ನಿಮಗೆ ಹತ್ತಿರವಿರುವ ಎರಡರಲ್ಲಿ ಎಡಗಡೆಯ ಚುಕ್ಕಿಯ ಮೇಲೆ ಪಾದ ಜೋಡಿಸಿ ನಿಲ್ಲಿ. ಎಡಗಾಲು ಎದುರಿನ ಚುಕ್ಕಿಗೆ. ಬಲಗಾಲು ಅದರ ಬಲಕ್ಕಿರುವ ಚುಕ್ಕಿಗೆ. ಎಡಗಾಲು ಹೋಗಿ ಬಲಗಾಲಿನ ಪಕ್ಕಕ್ಕೆ. ಮೂರಾಯಿತು. ಈಗ ಬಲಗಾಲು ಹಿಂದಿನ ಚುಕ್ಕಿಗೆ, ಎಡಗಾಲು ಎಡದ ಚುಕ್ಕಿಗೆ, ಬಲಗಾಲು ಬಂದು ಅದರ ಪಕ್ಕಕ್ಕೆ. ಆರು. ಹೊರಟಲ್ಲಿಗೇ ಬಂದಿರಿ, ಅಲ್ವಾ? ನಿಮ್ಮ ಎದುರಿಗೆ ನಿಂತವರು ಇದನ್ನೇ ಕನ್ನಡಿಯಲ್ಲಿ ಕಂಡ ಹಾಗೆ, ಬಲಗಾಲು ಹಿಂದಿಡುವುದರಿಂದ ಶುರು ಮಾಡುತ್ತಾರೆ.

ಇದರಲ್ಲಿ ಎಲ್ಲರೂ ಎಡವುವುದು ಮೂರನೆಯ ಎಣಿಕೆಯಲ್ಲಿ. ಕಾಲು ಜೋಡಿಸುತ್ತಾರೆ, ಆದರೆ ಮೈಭಾರವನ್ನು ಆ ಕಾಲಿಗೆ ಪೂರ್ತಿ ದಾಟಿಸುವುದಿಲ್ಲ, ಎರಡೂ ಕಾಲಿಗೆ ಹಂಚಿಕೊಂಡು ನಿಲ್ಲುತ್ತಾರೆ, ಆಮೇಲೆ ಈಗ ಯಾವ ಕಾಲು ಎತ್ತಬೇಕು ಎಂದು ನೆಲ ನೋಡುತ್ತಾರೆ. ಪ್ರತಿ ಎಣಿಕೆಗೂ ಭಾರ ಒಂದೇ ಕಾಲಿನ ಮೇಲೆ. ನನಗೆ ಇದು ತಿಳಿಯಲು ಎರಡು ತಿಂಗಳು ಬೇಕಾಯಿತು, ಏಕೆಂದರೆ ನಾನು ಸ್ಟೆಪ್ಪು ಲೆಕ್ಕ ಹಾಕುತ್ತಿದ್ದೆ, ಭಾರ ಎಲ್ಲಿದೆ ಎಂದು ನೋಡುತ್ತಿರಲಿಲ್ಲ. ನಮ್ಮ ಟೀಚರ್ ಮೊದಲ ಮೂರು ವಾರ ನಮ್ಮನ್ನು ಸುಮ್ನೆ ನಡೆಸಿದರು. ಮುಂದೆ ಇಡುವಾಗ ಹಿಮ್ಮಡಿ ಮೊದಲು, ಹಿಂದೆ ಇಡುವಾಗ ಬೆರಳು ಮೊದಲು. ಇಷ್ಟು ದುಡ್ಡು ಕೊಟ್ಟು ನಡೆಯುವುದಕ್ಕೆ ಬಂದೆನಾ ಎಂದು ಸಿಟ್ಟು ಬಂದಿತ್ತು. ಈಗ ಅನ್ನಿಸುತ್ತದೆ, ಆರು ವಾರ ನಡೆಸಬೇಕಿತ್ತು.

ವಾಲ್ಟ್ಸ್ ಆದ ಮೇಲೆ ಚಾ ಚಾ ಚಾ. ಇದು 1950ರ ದಶಕದ ಶುರುವಿನಲ್ಲಿ ಕ್ಯೂಬಾದಲ್ಲಿ ಹುಟ್ಟಿದ್ದು, ಎನ್ರಿಕೆ ಹೊರಿನ್ ಎಂಬ ಪಿಟೀಲುಗಾರನ ಹಾಡುಗಳಿಗೆ ಕುಣಿಯುವವರ ಕಾಲು ನೆಲಕ್ಕೆ ಸವರುವ ಸದ್ದೇ ಅದರ ಹೆಸರಾಯಿತು. ಸ್ಲೋ ಫಾಕ್ಸ್‌ಟ್ರಾಟ್ ಕಡೆ ಮಾತ್ರ ಒಂದು ವರ್ಷ ತಲೆ ಹಾಕಬೇಡಿ. ಹೆಸರಿನಲ್ಲಿ ಸ್ಲೋ ಇದೆ ಎಂದು ಎಲ್ಲರೂ ಮೋಸ ಹೋಗುತ್ತಾರೆ. ನಿಧಾನವಾಗಿ, ನಿಲ್ಲದೆ, ಒಂದು ಕಾಲಿನಿಂದ ಇನ್ನೊಂದಕ್ಕೆ ಜಾರುವುದು ಎಷ್ಟು ಕಷ್ಟ ಎಂದು ಮಾಡಿದವರಿಗೇ ಗೊತ್ತು.

ಅಕ್ಕಾ, ನಾನು 11 ವರ್ಷ ಭರತನಾಟ್ಯ ಕಲಿತವಳು. ಎಂಎಸ್ಸಿಗೆ ಇಂಗ್ಲೆಂಡಿಗೆ ಬಂದು ಯೂನಿವರ್ಸಿಟಿಯ ಬಾಲ್‌ರೂಂ ಕ್ಲಬ್ ಸೇರಿದೆ. ಮೊದಲ ಸಲ ಕುಣಿಯುವವರಿಗಿಂತ ನನಗೇ ಬೈಗುಳ ಜಾಸ್ತಿ. ಯಾಕೆ?
— ರೆಡಿಂಗ್

ನಿನ್ನ ಪತ್ರ ಓದಿ ನಗು ಬಂತು ಮಗಳೇ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಕಾಲಿಗೆ 11 ವರ್ಷ ಹೇಳಿಕೊಟ್ಟದ್ದನ್ನೆಲ್ಲ ಇಲ್ಲಿ ಬೇಡ ಎನ್ನುತ್ತಾರೆ. ಅಲ್ಲಿ ಅರೆಮಂಡಿ ಕೂತು ನೆಲವನ್ನು ತಟ್ಟಬೇಕು, ಗೆಜ್ಜೆ ಕೇಳಿಸಬೇಕು. ಇಲ್ಲಿ ವಾಲ್ಟ್ಸ್‌ನಲ್ಲಿ ಪಾದದ ಸದ್ದೇ ಬರಬಾರದು. ಒಂದಕ್ಕೆ ಮಂಡಿ ಸಡಿಲವಾಗಿ ಕೆಳಗಿದ್ದು, ಎರಡು ಮೂರಕ್ಕೆ ತುದಿಗಾಲಿನವರೆಗೆ ಏರಿ, ಮೂರರ ಕೊನೆಗೆ ಮತ್ತೆ ಇಳಿಯಬೇಕು. ತೂಗುಮಂಚದಲ್ಲಿ ಕೂತ ಹಾಗೆ. ನಿನ್ನ ಮೈ ಅರೆಮಂಡಿಯ ಎತ್ತರವನ್ನು ಕಾಪಾಡಿಕೊಳ್ಳಲು ನೋಡುತ್ತದೆ, ಟೀಚರ್ ಏರು ಏರು ಎಂದು ಕೂಗುತ್ತಾರೆ.

ಅದಕ್ಕಿಂತ ದೊಡ್ಡ ತೊಂದರೆ ಬೇರೆ. ನೀನು ಎದುರಿಗೆ ಕೂತವರಿಗಾಗಿ ಕುಣಿದವಳು. ಕಣ್ಣು, ಕೈ, ಮುಖ ಎಲ್ಲ ಸಭೆಯ ಕಡೆ. ಇಲ್ಲಿ ಸಭೆ ಇಲ್ಲ. ನಿನ್ನ ಬೆನ್ನಿನ ಮೇಲೆ ಅಂಗೈ ಇಟ್ಟಿರುವ ಒಬ್ಬರು ಇದ್ದಾರೆ, ಅವರ ಎದೆ ಎತ್ತ ತಿರುಗಿತು ಎಂಬುದರಿಂದ ನಿನ್ನ ಮುಂದಿನ ಹೆಜ್ಜೆ ಗೊತ್ತಾಗಬೇಕು. ಅಡವುಗಳಂತೆ ಮೊದಲೇ ಕಂಠಪಾಠ ಮಾಡಿಕೊಂಡು ಹೋದರೆ ಅವರು ಎಡಕ್ಕೆ, ನೀನು ಬಲಕ್ಕೆ. ಸ್ಕೂಟರಿನ ಹಿಂದಿನ ಸೀಟಲ್ಲಿ ಕೂತಿದ್ದೀಯಲ್ಲ? ತಿರುವಿನಲ್ಲಿ ಗಾಡಿ ಬಾಗಿದಂತೆ ನೀನೂ ಬಾಗುತ್ತೀಯ, ಯಾರೂ ಹೇಳಿಕೊಡಬೇಕಿಲ್ಲ. ಹೆದರಿ ಆಚೆ ಕಡೆ ಬಾಗಿದರೆ ಇಬ್ಬರೂ ಬೀಳುತ್ತೀರಿ. ಹಾಗಂತ ಮೂಟೆಯ ಹಾಗೆ ಕೂತರೂ ಗಾಡಿ ಓಡಿಸುವವರಿಗೆ ಕಷ್ಟ. ಫಾಲೋ ಮಾಡುವುದು ಎಂದರೆ ಅದು, ಎಚ್ಚರವಾಗಿ ಕೂತಿರುವುದು. ಲೀಡ್ ಮಾಡುವವರಿಗೂ ಇದೇ ಮಾತು. ಕೈಯಿಂದ ತಳ್ಳುವುದು ಲೀಡ್ ಅಲ್ಲ. ತಾನು ಹೋಗಬೇಕಾದ ಕಡೆ ತನ್ನ ಮೈಯನ್ನು ಸಾಗಿಸಿದರೆ ಎದುರಿನವರಿಗೆ ದಾರಿ ತಾನಾಗಿ ತಿಳಿಯುತ್ತದೆ.

ನಿನಗೊಂದು ಲಾಭವಿದೆ, ಅದನ್ನು ಬಿಡಬೇಡ. ತಾಳ. ವಾಲ್ಟ್ಸ್ ಹಾಕಿದಾಗ ಉಳಿದವರು ಬೀಟು ಹುಡುಕುತ್ತಿರುವಾಗ ನೀನು ಒಳಗೇ ತಕಿಟ ತಕಿಟ ಎಂದುಕೊ, ಮುಗಿಯಿತು. ಫಾಕ್ಸ್‌ಟ್ರಾಟ್‌ನ ಸ್ಲೋ ಎಂದರೆ ಎರಡು ಬೀಟು, ಕ್ವಿಕ್ ಎಂದರೆ ಒಂದು. ಸ್ಲೋ ಸ್ಲೋ ಕ್ವಿಕ್ ಕ್ವಿಕ್ ಎಂದು ಅವರು ಕೂಗಿದರೆ ನಿನ್ನ ಭಾಷೆಯಲ್ಲಿ ಅದು ತಾಂ, ತಾಂ, ತ, ಕ. ಚಾ ಚಾ ಚಾ ಮಾತ್ರ ಕಾಡುತ್ತದೆ. ಅಲ್ಲಿ ಸಮಕ್ಕೆ, ಅಂದರೆ ಮೊದಲ ಬೀಟಿಗೆ, ಶುರು ಮಾಡುವುದಿಲ್ಲ, ಎರಡನೆಯ ಬೀಟಿಗೆ ಹೆಜ್ಜೆ ಹಾಕಬೇಕು, ನಾಲ್ಕರಿಂದ ಒಂದರವರೆಗೆ ಆ ಚಾ ಚಾ ಚಾ ಬರಬೇಕು. ಹಾಡುಗಾರರು ಎತ್ತುಗಡೆ ತೆಗೆದುಕೊಳ್ಳುವ ಹಾಗೆ ಎಂದುಕೊ, ಒಂದು ಬಿಟ್ಟು ಹಿಡಿ. ಒಂದೇ ವಾರದಲ್ಲಿ ಕ್ಲಬ್ಬಿನ ಹಳಬರನ್ನು ಮೀರಿಸುತ್ತೀಯ.

ನಮ್ಮ ಯಜಮಾನರು ಬರುವುದಿಲ್ಲ ಎಂದು ಹಟ ಹಿಡಿದಿದ್ದಾರೆ. ಒಬ್ಬಳೇ ಹೋದರೆ ಅಪರಿಚಿತ ಗಂಡಸರ ಕೈ ಹಿಡಿಯಬೇಕಲ್ಲ, ಮುಜುಗರ. ಕ್ಲಾಸಿನಲ್ಲಿ ಗಂಡಸರು ಕಮ್ಮಿ, ನೀವು ಗಂಡಸಿನ ಸ್ಟೆಪ್ಪು ಕಲಿಯಿರಿ ಎಂದೂ ಹೇಳಿದ್ದಾರೆ. ಒಪ್ಪಿಕೊಳ್ಳಲಾ?
— ಮಿಲ್ಟನ್ ಕೀನ್ಸ್

ನಮ್ಮವರೂ ಮೂರು ವರ್ಷ ಬರಲಿಲ್ಲ. ಆಮೇಲೆ ಬಂದದ್ದು ಕೇಕಿಗೆ. ಅದು ಬೇರೆ ಕತೆ.

ಒಬ್ಬರೇ ಹೋಗಿ. ಹೆಚ್ಚಿನ ಕ್ಲಾಸುಗಳಲ್ಲಿ ಹಾಡಿಗೊಮ್ಮೆ ಜೋಡಿ ಬದಲಾಯಿಸುತ್ತಾರೆ, ಸಂಜೆಗೆ ಏಳೆಂಟು ಜನರ ಜೊತೆ ಕುಣಿದಿರುತ್ತೀರಿ. ಮುಜುಗರ ನನಗೂ ಇತ್ತು, ಸುಳ್ಳು ಹೇಳುವುದಿಲ್ಲ. ಮೊದಲ ದಿನ ಎಪ್ಪತ್ತು ದಾಟಿದ, ಟೈ ಕಟ್ಟಿದ ಒಬ್ಬ ಅಜ್ಜ ಬಂದು ಕೈ ಚಾಚಿದಾಗ ನಾನು ನಮಸ್ಕಾರ ಮಾಡಿಬಿಟ್ಟೆ. ಪಾಪ, ಅವರೂ ಮಾಡಿದರು. ಹಿಡಿತದ ಲೆಕ್ಕ ಬಹಳ ಸ್ಪಷ್ಟ: ಅವರ ಬಲಗೈ ನಿಮ್ಮ ಬೆನ್ನಿನ ಎಡ ಹೆಗಲ ಮೂಳೆಯ ಮೇಲೆ, ನಿಮ್ಮ ಎಡಗೈ ಅವರ ತೋಳಿನ ಮೇಲೆ, ಇನ್ನೊಂದು ಜೊತೆ ಕೈ ಕಣ್ಣಿನ ಎತ್ತರಕ್ಕೆ. ಸ್ಪರ್ಧೆಯವರು ಮೈಗೆ ಮೈ ತಾಗಿಸಿ ಕುಣಿಯುತ್ತಾರೆ, ಕಲಿಯುವವರು ನಡುವೆ ಒಂದು ಗೇಣು ಬಿಟ್ಟು ನಿಲ್ಲಬಹುದು. ಯಾರದಾದರೂ ಕೈ ಹೆಗಲ ಮೂಳೆ ಬಿಟ್ಟು ಕೆಳಗೆ ಜಾರಿದರೆ ಅದು ತಪ್ಪು ಟೆಕ್ನಿಕ್ಕೂ ಹೌದು, ತಪ್ಪು ನಡತೆಯೂ ಹೌದು. ಹಾಡಿನ ನಡುವೆಯೇ ಥ್ಯಾಂಕ್ಸ್ ಹೇಳಿ ಹೊರಗೆ ಬನ್ನಿ, ಟೀಚರಿಗೆ ಹೇಳಿ. ಕಾರಣ ಕೊಡಬೇಕಿಲ್ಲ.

ಗಂಡಸಿನ ಸ್ಟೆಪ್ಪಿಗೆ ಒಪ್ಪಿಕೊಳ್ಳಿ, ಖಂಡಿತ. ಎರಡೂ ಬರುವವರಿಗೆ ಹಾಲ್‌ನಲ್ಲಿ ಕೂರುವ ಪಾಡೇ ಇಲ್ಲ. ಹೆಂಗಸರು ಹೆಂಗಸರು ಕುಣಿಯುವುದು ಹಳೆಯ ರೂಢಿ. ಇಂಗ್ಲೆಂಡಿನ ಕಡಲತೀರದ ಊರು ಬ್ಲ್ಯಾಕ್‌ಪೂಲ್‌ನ ಟವರ್ ಬಾಲ್‌ರೂಂ ಎಂಬ ಡಾನ್ಸ್ ಹಾಲ್‌ನಲ್ಲಿ ಹಿಂದೆ ಒಂದು ಬೋರ್ಡಿತ್ತು, ಗಂಡಸರು ಹೆಂಗಸರ ಜೊತೆಯಲ್ಲದೆ ಕುಣಿಯುವಂತಿಲ್ಲ ಎಂದು. ಹೆಂಗಸರಿಗೆ ಅಂಥ ಬೋರ್ಡಿರಲಿಲ್ಲ ನೋಡಿ! ಬಿಬಿಸಿಯ ದೊಡ್ಡ ಡಾನ್ಸ್ ಸ್ಪರ್ಧೆಯಲ್ಲಿ ಇಬ್ಬರು ಹೆಂಗಸರ ಜೋಡಿ ಮೊದಲ ಸಲ ಬಂದದ್ದು 2020ರಲ್ಲಿ, ಬಾಕ್ಸರ್ ನಿಕೋಲಾ ಆಡಮ್ಸ್ ಮತ್ತು ಡಾನ್ಸರ್ ಕಾಟ್ಯಾ ಜೋನ್ಸ್. ಟಿವಿಗೆ ಅದು ಸುದ್ದಿ. ನಮ್ಮ ಗುರುವಾರದ ಹಾಲ್‌ಗೆ ಅಲ್ಲ.

ನಾವು ಗಂಡ ಹೆಂಡತಿ ಇಬ್ಬರೂ ಸೇರಿದೆವು. ಈಗ ಕಾರಿನಲ್ಲಿ ಮನೆಗೆ ಬರುವಾಗ ದಿನಾ ಜಗಳ.
— ಬೆಂಗಳೂರು

ಪ್ರಶ್ನೆ ಎಲ್ಲಿ ಸ್ವಾಮಿ? ಇರಲಿ, ಗೊತ್ತಾಯಿತು.

ಮನೆಯಲ್ಲಿ ಯಾರು ಲೀಡು ಯಾರು ಫಾಲೋ ಎಂಬ ಹಳೆಯ ಕಡತ ಇಲ್ಲಿ ತೆರೆದುಕೊಳ್ಳುತ್ತದೆ. ಒಂದು ನಿಯಮ ಇಟ್ಟುಕೊಳ್ಳಿ, ಹಾಡು ಮುಗಿಯುವವರೆಗೆ ಬಾಯಿ ಮುಚ್ಚಿರಬೇಕು. ತಪ್ಪಾದರೆ ತಪ್ಪಾಗಲಿ, ನಿಂತಲ್ಲೇ ನಿಂತು ಒಂದಕ್ಕೆ ಕಾದು ಮತ್ತೆ ಹಿಡಿಯಿರಿ. ಕುಣಿಯುತ್ತಿರುವಾಗ ಜೊತೆಯವರಿಗೆ ಪಾಠ ಹೇಳಬಾರದು ಎಂಬುದು ಎಲ್ಲ ಹಾಲ್‌ಗಳಲ್ಲೂ ನಡೆದುಬಂದ ಮರ್ಯಾದೆ, ಗಂಡ ಹೆಂಡತಿಗೆ ರಿಯಾಯಿತಿ ಇಲ್ಲ. ಮತ್ತೆ, ಜೋಡಿ ಬದಲಾಯಿಸುವಾಗ ನಾವಿಬ್ಬರೇ ಇರುತ್ತೇವೆ ಎನ್ನಬೇಡಿ. ಇಬ್ಬರ ತಪ್ಪು ಒಂದಕ್ಕೊಂದು ಹೊಂದಿಕೊಂಡುಬಿಟ್ಟಿರುತ್ತದೆ. ಬೇರೆಯವರ ಜೊತೆ ಕುಣಿದಾಗಲೇ ನಮ್ಮವರು ನನ್ನನ್ನು ದಿನಸಿ ಗಾಡಿಯಂತೆ ತಳ್ಳುತ್ತಿದ್ದರು ಎಂದು ನನಗೆ ತಿಳಿದದ್ದು. ನಾನು ಅವರ ಬೆರಳು ಹಿಂಡಿ ಹಿಂಡಿ ಇಡುತ್ತಿದ್ದೆ ಎಂದು ಅವರಿಗೂ ಯಾರೋ ಹೇಳಿಕೊಟ್ಟರು.

ನಮ್ಮಜ್ಜ ಕೆಜಿಎಫ್‌ನಲ್ಲಿ ಗುಮಾಸ್ತರಾಗಿದ್ದರು. ಕ್ರಿಸ್‌ಮಸ್ ರಾತ್ರಿ ಆಂಗ್ಲೋ ಇಂಡಿಯನ್ ಜನ ಬ್ಯಾಂಡ್ ಇಟ್ಟು ಜೋಡಿಯಾಗಿ ಕುಣಿಯುವುದನ್ನು ಕಿಟಕಿಯಿಂದ ನೋಡಿದ ಕತೆ ಹೇಳುತ್ತಿದ್ದರು. ಆ ಥರದ್ದು ಈಗ ಬೆಂಗಳೂರಿನಲ್ಲಿ ಕಲಿಯಲು ಸಿಗುತ್ತದಾ?
— ಬೆಂಗಳೂರು

ನಿಮ್ಮಜ್ಜ ಕಂಡದ್ದು ನಿಜವಾದ ಬಾಲ್‌ರೂಂ. ಚಿನ್ನದ ಗಣಿಯ ಊರಲ್ಲಿ, ಬೆಂಗಳೂರಿನ ಕಂಟೋನ್ಮೆಂಟಿನಲ್ಲಿ, ರೈಲ್ವೆ ಕಾಲೊನಿಗಳ ಇನ್‌ಸ್ಟಿಟ್ಯೂಟುಗಳಲ್ಲಿ ವಾಲ್ಟ್ಸ್, ಫಾಕ್ಸ್‌ಟ್ರಾಟ್, ಜೈವ್ ಎಲ್ಲ ನಡೆಯುತ್ತಿತ್ತು. ಅಲ್ಲಿ ಅದು ಕ್ಲಾಸಿಗೆ ಹೋಗಿ ಕಲಿತದ್ದಲ್ಲ, ಅಪ್ಪ ಮಗಳಿಗೆ, ಅತ್ತೆ ಅಳಿಯನಿಗೆ ಕಲಿಸಿದ್ದು. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು. ಅದಕ್ಕೂ ಬಹಳ ಮೊದಲೇ ಆ ಮನೆಗಳವರು ಆಸ್ಟ್ರೇಲಿಯಾ, ಇಂಗ್ಲೆಂಡ್ ಎಂದು ಹೊರಟಿದ್ದರು. ನಿಮ್ಮ ಬೀದಿಯಲ್ಲಿ ಹಳೆಯ ಆಂಗ್ಲೋ ಇಂಡಿಯನ್ ಅಜ್ಜ ಅಜ್ಜಿ ಯಾರಾದರೂ ಇದ್ದರೆ ಕ್ಲಾಸು ಹುಡುಕುವ ಮೊದಲು ಅವರ ಮನೆ ಬಾಗಿಲು ತಟ್ಟಿ. ನಾನು ತಮಾಷೆಗೆ ಹೇಳುತ್ತಿಲ್ಲ.

ಈಗ ಬೆಂಗಳೂರಿನಲ್ಲಿ ಸುಲಭವಾಗಿ ಸಿಗುವುದು ಸಾಲ್ಸಾ, ಬಚಾಟಾ. ಬಾಲ್‌ರೂಂ ಕಲಿಸುವವರೂ ಇದ್ದಾರೆ, ಸ್ವಲ್ಪ ಹುಡುಕಬೇಕು. ಬೋರ್ಡಿನಲ್ಲಿ ಬಾಲ್‌ರೂಂ ಎಂದಿದ್ದು ಒಳಗೆ ಮದುವೆ ಸಂಗೀತ್‌ಗೆ ಕೊರಿಯೋಗ್ರಫಿ ಮಾಡಿಸುವ ಜಾಗಗಳೂ ಇವೆ. ಅದು ತಪ್ಪಲ್ಲ, ಆದರೆ ಅಲ್ಲಿ ಒಂದು ಹಾಡಿಗೆ ಒಬ್ಬರ ಜೊತೆ ಬಾಯಿಪಾಠ ಆಗುತ್ತದೆ, ಕುಣಿತ ಬರುವುದಿಲ್ಲ. ಹೋಗಿ ಒಂದು ಕ್ಲಾಸು ಕೂತು ನೋಡಿ. ಜೋಡಿ ಬದಲಾಯಿಸುತ್ತಾರಾ? ಲೀಡ್ ಹೇಗೆ ಕೊಡಬೇಕು ಎಂದು ಮಾತಾಡುತ್ತಾರಾ, ಇಲ್ಲ ಬರೀ ಕೌಂಟು ಕೂಗುತ್ತಾರಾ? ಕಲಿತದ್ದನ್ನು ಕುಣಿಯಲು ತಿಂಗಳಿಗೊಂದು ಸಂಜೆಯಾದರೂ ಇಡುತ್ತಾರಾ? ವರ್ಷದ ಫೀಸು ಒಟ್ಟಿಗೆ ಕಟ್ಟಿದರೆ ಡಿಸ್ಕೌಂಟ್ ಎಂದವರಿಗೆ ನಮಸ್ಕಾರ ಹೇಳಿ ಬನ್ನಿ.

ಬ್ಲ್ಯಾಕ್‌ಪೂಲ್‌ಗೆ ಹೋಗಬೇಕು ಅಂತಿದ್ದೇವೆ. ಸ್ಪರ್ಧೆಯವರ ಊರು ಅಲ್ವಾ, ನಮ್ಮಂಥವರನ್ನು ಒಳಗೆ ಬಿಡುತ್ತಾರಾ?
— ಮ್ಯಾಂಚೆಸ್ಟರ್

ಬಿಡುತ್ತಾರೆ, ಟಿಕೆಟ್ ತೆಗೆದುಕೊಂಡರೆ ಸಾಕು. ಎರಡು ಬಾಲ್‌ರೂಂ ಇವೆ, ಗೊಂದಲ ಮಾಡಿಕೊಳ್ಳಬೇಡಿ. 1920ರಲ್ಲಿ ಶುರುವಾದ ಡಾನ್ಸ್ ಫೆಸ್ಟಿವಲ್ ನಡೆಯುವುದು ವಿಂಟರ್ ಗಾರ್ಡನ್ಸ್‌ನ ಎಂಪ್ರೆಸ್ ಬಾಲ್‌ರೂಮಿನಲ್ಲಿ, ಜಗತ್ತಿನ ಜೋಡಿಗಳೆಲ್ಲ ಬರುತ್ತಾರೆ, ಅಲ್ಲಿ ನೀವು ಗ್ಯಾಲರಿಯಲ್ಲಿ ಕೂತು ನೋಡುವವರು. ನೀವು ಕುಣಿಯಬೇಕಾದದ್ದು ಟವರ್ ಬಾಲ್‌ರೂಮಿನಲ್ಲಿ. ಫ್ರಾಂಕ್ ಮ್ಯಾಚಮ್ ಎಂಬ ನಾಟಕಶಾಲೆಗಳ ವಾಸ್ತುಶಿಲ್ಪಿ ಕಟ್ಟಿದ್ದು, 1899ರದು, 1956ರಲ್ಲಿ ಬೆಂಕಿ ಬಿದ್ದು ಮತ್ತೆ ಹಾಗೆಯೇ ಕಟ್ಟಿದರು. ಮಹೋಗನಿ, ಓಕ್, ಅಕ್ರೋಟ್ ಮರದ ಮೂವತ್ತು ಸಾವಿರಕ್ಕೂ ಹೆಚ್ಚು ತುಂಡುಗಳನ್ನು ಜೋಡಿಸಿದ ನೆಲ. ವುರ್ಲಿಟ್ಜರ್ ಆರ್ಗನ್ ನುಡಿಸುತ್ತಿರುತ್ತಾರೆ, ನೀವು ಟೀ ಕುಡಿಯುತ್ತೀರಿ, ಮನಸ್ಸಾದರೆ ಏಳುತ್ತೀರಿ.

ಏಳುವ ಮೊದಲು ಎರಡು ಮಾತು. ಹಾಲ್ ಸುತ್ತುವುದು ಗಡಿಯಾರದ ವಿರುದ್ಧ ದಿಕ್ಕಿಗೆ. ಅಪ್ರದಕ್ಷಿಣೆ. ಹುಟ್ಟಿದಾಗಿನಿಂದ ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕಿದ ಕಾಲು ನನ್ನದು, ಮೊದಲ ಟೀ ಡಾನ್ಸಿನಲ್ಲಿ ಧೈರ್ಯವಾಗಿ ಬಲಕ್ಕೆ ತಿರುಗಿ ಹೊರಟು ಎಂಬತ್ತರ ಆಸುಪಾಸಿನ ಒಂದು ಜೋಡಿಗೆ ಎದುರಿನಿಂದ ಹೋಗಿ ಢಿಕ್ಕಿ ಹೊಡೆದೆ. ಅಜ್ಜಿ ಬೀಳಲಿಲ್ಲ, ನಾನು ಬಿದ್ದೆ. ಎರಡನೆಯದು, ಒಮ್ಮೊಮ್ಮೆ ಇದ್ದಕ್ಕಿದ್ದಂತೆ ಹಾಲ್‌ನಲ್ಲಿರುವವರೆಲ್ಲ ಕವಾಯತಿನಂತೆ ಒಂದೇ ಸ್ಟೆಪ್ಪು ಹಾಕಲು ಶುರು ಮಾಡುತ್ತಾರೆ. ಗಾಬರಿ ಬೇಡ. ಅದು ಸೀಕ್ವೆನ್ಸ್ ಡಾನ್ಸ್, ಹೆಚ್ಚಾಗಿ ಹದಿನಾರು ಬಾರ್‌ಗಳ (ತಾಳದ ಆವರ್ತಗಳ) ಒಂದು ಜೋಡಣೆ, ಹಾಡು ಮುಗಿಯುವವರೆಗೆ ಅದನ್ನೇ ಮತ್ತೆ ಮತ್ತೆ. ಬರದಿದ್ದರೆ ಕೂತು ಸ್ಕೋನ್ ತಿನ್ನಿ. ಅದರ ನಡುವೆ ನುಗ್ಗಿ ನಿಮ್ಮ ವಾಲ್ಟ್ಸ್ ಹಾಕಬೇಡಿ.

ಶೂ ಕೊಳ್ಳಲೇಬೇಕಾ? ಸೀರೆಯಲ್ಲಿ ಕುಣಿಯಬಹುದಾ?
— ಹುಬ್ಬಳ್ಳಿ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಕಟ್ಟಿದವರು ವಿಟ್ರಿಫೈಡ್ ಟೈಲ್ಸ್ ಮೇಲೆ ಕುಣಿದಿರಲಿಕ್ಕಿಲ್ಲ. ನೆಲವೂ ಶೂವೂ ಅರ್ಧ ಕುಣಿತ. ಓಡುವ ಶೂಗೆ ರಬ್ಬರ್ ತಳ, ಪಾದ ತಿರುಗುವುದಿಲ್ಲ, ಮೇಲಿನ ಮೈ ತಿರುಗುತ್ತದೆ, ನಡುವೆ ಸಿಕ್ಕ ಮಂಡಿ ಅನುಭವಿಸುತ್ತದೆ. ಕಾಲುಚೀಲದಲ್ಲಿ ಟೈಲ್ಸ್ ಮೇಲೆ ಮಾಡಿದರೆ ಜಾರಿ ಸೊಂಟ. ಮೊದಲ ಎರಡು ತಿಂಗಳು ಚರ್ಮದ ತಳದ ಸಾದಾ ಶೂ ಸಾಕು. ಬಿಡುವುದಿಲ್ಲ ಎಂದು ಗ್ಯಾರಂಟಿ ಆದ ಮೇಲೆ ಸ್ವೇಡ್ ತಳದ ಡಾನ್ಸ್ ಶೂ ಕೊಳ್ಳಿ. ಅದು ಹಿಡಿಯುವಷ್ಟು ಹಿಡಿಯುತ್ತದೆ, ಜಾರುವಷ್ಟು ಜಾರುತ್ತದೆ. ಹಾಲ್‌ನ ಹೊರಗೆ ಕಾಲಿಡಬಾರದು, ಒದ್ದೆಯಾದರೆ ಕೆಟ್ಟಿತು. ಮೇಣ, ಧೂಳು ಹತ್ತಿದರೆ ತಂತಿ ಬ್ರಷ್ಷಿನಲ್ಲಿ ಉಜ್ಜಿ. ಹೆಂಗಸರಿಗೆ ಎರಡು, ಎರಡೂವರೆ ಇಂಚಿನ ಹಿಮ್ಮಡಿ ಸಾಮಾನ್ಯ, ಇನ್ನೂ ಕಡಿಮೆಯದೂ ಸಿಗುತ್ತದೆ, ನಾನು ಹಾಕುವುದು ಅದೇ.

ಸೀರೆಯಲ್ಲಿ ರುಂಬಾ ಆಗುತ್ತದೆ. ವಾಲ್ಟ್ಸ್‌ನಲ್ಲಿ ನೀವು ಹಿಂದೆ ಹೆಜ್ಜೆ ಇಡುತ್ತೀರಿ, ಜೊತೆಯವರ ಕಾಲು ಸೀದಾ ನಿಮ್ಮ ನೆರಿಗೆ ಮೇಲೆ ಬರುತ್ತದೆ. ಉಡಲೇಬೇಕು ಎಂದರೆ ಮೂರು ಇಂಚು ಎತ್ತಿ ಉಡಿ, ಸೆರಗಿಗೆ ಪಿನ್ನು, ನೆರಿಗೆಗೆ ಎರಡು ಪಿನ್ನು.

ಮಗಳು ವಿಯೆನ್ನಾದಲ್ಲಿ ಓದುತ್ತಿದ್ದಾಳೆ. ಫೆಬ್ರವರಿಗೆ ಬನ್ನಿ, ಒಂದು ಬಾಲ್‌ಗೆ, ಅಂದರೆ ದೊಡ್ಡ ಕುಣಿತದ ಕೂಟಕ್ಕೆ, ಕರೆದುಕೊಂಡು ಹೋಗುತ್ತೇನೆ ಎನ್ನುತ್ತಾಳೆ. ನಮಗೆ ಸಾದಾ ವಾಲ್ಟ್ಸ್ ಅಷ್ಟಿಷ್ಟು ಬರುತ್ತದೆ. ಸಾಲುತ್ತದಾ?
— ದಾವಣಗೆರೆ

ಅಯ್ಯೋ, ನನಗೆ ಹೊಟ್ಟೆಕಿಚ್ಚು. ಹೋಗಿ, ಮೊದಲು ಹೋಗಿ.

ಸಾಲುವುದಿಲ್ಲ ಆದರೆ. ಅಲ್ಲಿಯ ವಾಲ್ಟ್ಸ್ ನೀವು ಕಲಿತದ್ದಕ್ಕೆ ಸುಮಾರು ಎರಡರಷ್ಟು ವೇಗ, ನಿಮಿಷಕ್ಕೆ 180 ಬೀಟಿನ ಹತ್ತಿರ. ನೀವು ಕಲಿತದ್ದು ಇಂಗ್ಲಿಷರು ನಿಧಾನ ಮಾಡಿಕೊಂಡ ರೂಪ. ವಾಲ್ಟ್ಸ್ ಎಂಬ ಪದವೇ ಜರ್ಮನ್ನಿನಲ್ಲಿ ಉರುಳು, ತಿರುಗು ಎಂಬುದರಿಂದ ಬಂದದ್ದು, ಅವರು ಅದನ್ನು ಅಕ್ಷರಶಃ ಪಾಲಿಸುತ್ತಾರೆ. 1816ರಲ್ಲಿ ಲಂಡನ್ನಿನ ಅರಮನೆಯ ಬಾಲ್‌ನಲ್ಲಿ ಇದು ಬಂದಾಗ ಟೈಮ್ಸ್ ಪತ್ರಿಕೆ ಅಸಭ್ಯ ಎಂದು ಬೈದಿತ್ತು. ಈಗ ಅಜ್ಜಂದಿರ ಕುಣಿತ ಎನ್ನುತ್ತಾರೆ.

ಅಲ್ಲಿ ಬಾಲ್‌ಗಳ ಕಾಲ ನವೆಂಬರ್ 11ಕ್ಕೆ ಶುರುವಾಗಿ ಜನವರಿ, ಫೆಬ್ರವರಿಯಲ್ಲಿ ಜೋರಾಗುತ್ತದೆ. ಡಾಕ್ಟರುಗಳದ್ದೊಂದು, ವಕೀಲರದ್ದೊಂದು, ಮಿಠಾಯಿ ಮಾಡುವವರದ್ದೊಂದು, ಕಾಫಿಮನೆಯವರದ್ದೊಂದು, ಹೀಗೆ ಕಸುಬಿಗೊಂದು ಬಾಲ್. ಎಳೆಯ ಜೋಡಿಗಳು ಸಾಲಾಗಿ ಬಂದು ಶುರು ಮಾಡಿದ ಮೇಲೆ ‘ಆಲೆಸ್ ವಾಲ್ಟ್ಸರ್’ ಎಂದು ಕೂಗುತ್ತಾರೆ. ಎಲ್ಲರೂ ವಾಲ್ಟ್ಸ್‌ಗೆ ಬನ್ನಿ ಎಂದರ್ಥ. ಆ ಕೂಗಿಗೆ ಮೊದಲು ಫ್ಲೋರಿಗೆ ಇಳಿಯಬೇಡಿ. ಕೂಗಿದ ತಕ್ಷಣವೂ ಬೇಡ, ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ, ಎರಡು ಹಾಡು ಬಿಟ್ಟು ಇಳಿಯಿರಿ. ಮಧ್ಯರಾತ್ರಿಗೆ ಕ್ವಾಡ್ರಿಲ್ ಇರುತ್ತದೆ, ಒಬ್ಬರು ಮೈಕಿನಲ್ಲಿ ಹೇಳುತ್ತಾ ಹೋಗುತ್ತಾರೆ, ಸಾಲಾಗಿ ನಿಂತವರು ಮಾಡುತ್ತಾ ಹೋಗುತ್ತಾರೆ, ಕೊನೆಗೆ ಪೂರ್ತಿ ಗಲಾಟೆ. ಬರದವರಿಗೇ ಅದರಲ್ಲಿ ಮಜಾ ಜಾಸ್ತಿ.

ತಲೆಸುತ್ತಿಗೆ ಹೆದರಿಕೆ ಇದ್ದರೆ ಈಗಿನಿಂದಲೇ ದಿನಕ್ಕೆ ಐದು ನಿಮಿಷ ನಿಧಾನಕ್ಕೆ ಬಲಕ್ಕೆ ತಿರುಗುವುದನ್ನು ಅಭ್ಯಾಸ ಮಾಡಿ, ಕಣ್ಣು ನೆಲದ ಮೇಲೆ ಬೇಡ. ಹಾಲ್‌ನಲ್ಲಿ ತಲೆ ತಿರುಗಿದರೆ ಸುತ್ತುವುದು ಬಿಟ್ಟು ನಾಲ್ಕು ಹೆಜ್ಜೆ ನೆಟ್ಟಗೆ ಹಾಕಿ, ಆದರೆ ನಡುವೆ ನಿಲ್ಲಬೇಡಿ, ಹಿಂದಿನ ಜೋಡಿ ಬಂದು ಗುದ್ದುತ್ತದೆ. ಊರು ಮುಟ್ಟಿದ ಮೇಲೆ ಅಲ್ಲಿಯ ಡಾನ್ಸ್ ಶಾಲೆಯಲ್ಲಿ ಒಂದೆರಡು ಗಂಟೆಯ ಪಾಠ ತೆಗೆದುಕೊಳ್ಳಿ, ಬಾಲ್‌ಗೆ ಬರುವ ಪರದೇಶದವರಿಗೆಂದೇ ಇರುತ್ತದೆ. ಬಟ್ಟೆ ವಿಷಯದಲ್ಲಿ ಮಾತ್ರ ಅಂದಾಜು ಬೇಡ. ಒಪೆರಾ ಬಾಲ್‌ಗಾದರೆ ಹೆಂಗಸರಿಗೆ ನೆಲ ಮುಟ್ಟುವ ಗೌನು, ಗಂಡಸರಿಗೆ ಟೇಲ್‌ಕೋಟು, ಬಿಳಿ ಬೋ. ಬೇರೆಯವು ಇಷ್ಟು ಕಟ್ಟುನಿಟ್ಟಲ್ಲ. ಜರಿ ಸೀರೆ, ಬಂದ್‌ಗಲಾ ನಡೆಯುತ್ತದಾ ಎಂದು ಮಗಳಿಗೆ ಹೇಳಿ ಮೊದಲೇ ಕೇಳಿಸಿಬಿಡಿ, ಬಾಗಿಲಲ್ಲಿ ಕೇಳುವುದು ಬೇಡ.

ಡಾನ್ಸ್ ಮಾಡಿದರೆ ಮರೆವಿನ ಕಾಯಿಲೆ ಬರುವುದಿಲ್ಲವಂತೆ. ನಿಜವಾ?
— ಶಿವಮೊಗ್ಗ

ಆ ಮಾತಿನ ಬೇರು 2003ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಒಂದು ಅಧ್ಯಯನ. 75 ದಾಟಿದ 469 ಜನರನ್ನು ವರ್ಷಗಟ್ಟಲೆ ಗಮನಿಸಿದ್ದರು. ಓದುವುದು, ಬೋರ್ಡ್ ಆಟ, ವಾದ್ಯ ನುಡಿಸುವುದು, ಇವುಗಳ ಜೊತೆ ಮೈ ದಣಿಸುವ ಚಟುವಟಿಕೆಗಳಲ್ಲಿ ಡಾನ್ಸ್ ಒಂದೇ ಮರೆವಿನ ಕಡಿಮೆ ಅಪಾಯದ ಜೊತೆ ಕಾಣಿಸಿಕೊಂಡಿತು. ಆದರೆ ಮರೆವು ಒಳಗೊಳಗೇ ಶುರುವಾದವರು ಮೊದಲೇ ಡಾನ್ಸ್ ಬಿಟ್ಟಿರಲೂಬಹುದಲ್ಲ? ಹಾಗಾಗಿ ಬರುವುದೇ ಇಲ್ಲ ಎಂದು ಯಾರೂ ಬರೆದುಕೊಡಲಾರರು. ಮಂಡಿ ನೋವಿರುವವರು ಡಾಕ್ಟರನ್ನು ಕೇಳಿ ಸೇರಿ, ಜೈವ್ ತಂಟೆಗೆ ಹೋಗಬೇಡಿ.

ಮನೆಯಲ್ಲಿ ಅಭ್ಯಾಸಕ್ಕೆ ಹಾಡು ಹಾಕಿದರೆ ಸ್ಟೆಪ್ಪು ಕೂರುವುದೇ ಇಲ್ಲ.
— ಉಡುಪಿ

ತಪ್ಪು ಹಾಡಿನದು. ಸಿನಿಮಾ ಹಾಡು ನಡುವೆ ನಿಧಾನವಾಗುತ್ತದೆ, ನಿಲ್ಲುತ್ತದೆ, ಆಲಾಪಕ್ಕೆ ಹೋಗುತ್ತದೆ. ಇದೇ ಕಿರಿಕಿರಿಗೆ ವಿಕ್ಟರ್ ಸಿಲ್ವೆಸ್ಟರ್ ಎಂಬಾತ 1935ರಲ್ಲಿ ತನ್ನದೇ ಆರ್ಕೆಸ್ಟ್ರಾ ಕಟ್ಟಿದ. 1922ರ ವರ್ಲ್ಡ್ ಚಾಂಪಿಯನ್ ಆತ, ಕುಣಿಯಲು ಸರಿಯಾದ ರೆಕಾರ್ಡ್ ಸಿಗುತ್ತಿಲ್ಲ ಎಂದು ತಾನೇ ನುಡಿಸಲು ಕೂತ. ಸ್ಟ್ರಿಕ್ಟ್ ಟೆಂಪೋ ಎಂದು ಹುಡುಕಿ, ಮೊದಲಿನಿಂದ ಕೊನೆಯವರೆಗೆ ಒಂದೇ ವೇಗದ ಸಂಗೀತ ಸಿಗುತ್ತದೆ. ಕೇಳಲು ಸ್ವಲ್ಪ ಲಿಫ್ಟಿನ ಸಂಗೀತದ ಹಾಗಿರುತ್ತದೆ, ಸಹಿಸಿಕೊಳ್ಳಿ.

ಬ್ರಾಂಜ್, ಸಿಲ್ವರ್, ಗೋಲ್ಡ್ ಎಂದು ಪರೀಕ್ಷೆ ಇದೆಯಂತೆ, ಕಟ್ಟಲಾ?
— ಲೆಸ್ಟರ್

ಪರೀಕ್ಷೆ ಎಂದರೆ ಖುಷಿಯಾಗುವವರಾದರೆ ಕಟ್ಟಿ. ನಾನು ಬ್ರಾಂಜ್ ಕಟ್ಟಿ, ಪಾಸಾಗಿ, ಹದಿನೈದು ದಿನ ನಿದ್ದೆಗೆಟ್ಟು, ಅಲ್ಲಿಗೇ ಬಿಟ್ಟೆ.

ಕ್ಲಾಸಿಗೆ ಮುಂಚೆ ಏನು ತಿನ್ನಬೇಕು? ನನ್ನದು ಸಂಜೆ ಏಳರ ಕ್ಲಾಸು.
— ಧಾರವಾಡ

ಏನು ತಿನ್ನಬಾರದು ಎಂದು ಕೇಳಿ. ಜೊತೆಯವರ ಮೂಗು ನಿಮ್ಮ ಬಾಯಿಂದ ಒಂದಡಿ ದೂರದಲ್ಲಿರುತ್ತದೆ. ಬೆಳ್ಳುಳ್ಳಿ ಖಾರ, ಹಸಿ ಈರುಳ್ಳಿ ಎಲ್ಲ ರಾತ್ರಿ ಮನೆಗೆ ಬಂದ ಮೇಲೆ. ಅಡುಗೆಮನೆಯಿಂದ ಒಗ್ಗರಣೆ ಹಾಕಿದ ಬಟ್ಟೆಯಲ್ಲೇ ಹೊರಡಬೇಡಿ, ಸೆಂಟನ್ನೂ ಸುರಿದುಕೊಳ್ಳಬೇಡಿ. ಒಂದು ಬಾಳೆಹಣ್ಣು, ಒಂದು ಲೋಟ ನೀರು, ಪರ್ಸಿನಲ್ಲಿ ನಾಲ್ಕು ಏಲಕ್ಕಿ.